ಕರಿಬಸಮ್ಮ ಕುಡಿದ ಅಯೋಡಿನ್

ಶಿವನಿ ಸ್ಟೇಷನ್ನಿನ ಆಚೆ, ಎರಡು ರಾಗಿ ಹೊಲ ದಾಟಿದರೆ ಕರಿಸಿದ್ದಪ್ಪನ ಮನೆ. ಅವನ ಹೆಂಡತಿ ಕರಿಬಸಮ್ಮನಿಗೆ ಕುರಿ ಸಾಕುವವರ ನಡುವೆ ಒಂದು ಹೆಸರಿತ್ತು. ಯಾರ ಮಂದೆಯಲ್ಲಿ ಮರಿ ತಬ್ಬಲಿಯಾದರೂ ಅವಳಿಗೆ ಹೇಳಿ ಕಳಿಸುತ್ತಿದ್ದರು. ಮರಿ ಸತ್ತು ಕೆಚ್ಚಲು ಬಿಗಿದು ಅರಚುತ್ತಿರುವ ಕುರಿಯೊಂದನ್ನು ಅವಳು ಹುಡುಕುವಳು. ಸತ್ತ ಮರಿಯ ಚರ್ಮ ಸುಲಿದು, ತಬ್ಬಲಿಯ ಮೈಗೆ ಅಂಗಿಯಂತೆ ತೊಡಿಸಿ, ಆ ಕುರಿಯ ಮೂತಿಯ ಮುಂದೆ ಬಿಡುವಳು. ಕುರಿ ಮೂಸಿ ನೋಡುವುದು. ವಾಸನೆ ತನ್ನ ಮರಿಯದೇ. ಒಂದಿಷ್ಟು ಅನುಮಾನಿಸಿ, ಕೊನೆಗೆ ಹಿಂಗಾಲು ಅಗಲಿಸಿ ನಿಲ್ಲುವುದು. ಕೆಲವು ದಿನ ಬಿಟ್ಟು ಚರ್ಮ ಬಿಚ್ಚಿದರೂ ಅದು ಮರಿಯನ್ನು ಒದೆಯುತ್ತಿರಲಿಲ್ಲ. ಅಷ್ಟರಲ್ಲಿ ಅದರದೇ ಹಾಲಿನ ವಾಸನೆ ಮರಿಗೆ ಹತ್ತಿರುತ್ತಿತ್ತು.

ಈ ಕೆಲಸಕ್ಕೆ ಗಟ್ಟಿ ಕೈ ಬೇಕು. ೧೯೬೬ರ ಮಳೆಗಾಲದಲ್ಲಿ ಕರಿಬಸಮ್ಮನ ಕೈ ನಡುಗತೊಡಗಿತು.

ಮೊದಲು ಕೈ, ಆಮೇಲೆ ಎದೆ. ಸುಮ್ಮನೆ ಕೂತಿದ್ದರೂ ಯಾರೋ ಅಟ್ಟಿಸಿಕೊಂಡು ಬಂದವರಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಉಂಡದ್ದು ಮೈಗೆ ಹತ್ತದೆ ರವಿಕೆ ಸಡಿಲವಾಯಿತು. ಕಣ್ಣುಗುಡ್ಡೆಗಳು ಮುಂದಕ್ಕೆ ಬಂದವು, ಕುತ್ತಿಗೆ ಊದಿಕೊಂಡಿತು. ಪಕ್ಕದ ಮನೆಯ ಕಾಶಮ್ಮ ಅವಳ ಮುಖ ನೋಡಲು ಹೆದರಿ, ಬಾವಿಯ ಬಳಿ ಸಿಕ್ಕರೆ ಬಿಂದಿಗೆಯ ಕಡೆ ನೋಡುತ್ತ ಮಾತಾಡುತ್ತಿದ್ದಳು. ಅತ್ತೆ ಈರಕ್ಕ ಬೇವಿನ ಸೊಪ್ಪು ನಿವಾಳಿಸಿದಳು, ತಾಯತ ಕಟ್ಟಿಸಿದಳು. ಯಾವುದಕ್ಕೂ ಎದೆಬಡಿತ ಇಳಿಯಲಿಲ್ಲ.

ಕರಿಬಸಮ್ಮನ ತಮ್ಮ ತೀರ್ಥಪ್ಪ ಕಡೂರಿನಲ್ಲಿ ವಿಜ್ಞಾನದ ಮೇಷ್ಟ್ರು. ದೇವನೂರು ಕಡೆಯ ಅವಳ ತವರಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು. ಅವನೇ ಅಕ್ಕನನ್ನು ರೈಲಿನಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಕುತ್ತಿಗೆಯಲ್ಲಿರುವ ಗ್ರಂಥಿ ಅಳತೆ ಮೀರಿ ಕೆಲಸ ಮಾಡುತ್ತಿದೆ, ಹೀಗೇ ಬಿಟ್ಟರೆ ಹೃದಯ ಸೋಲುತ್ತದೆ, ಬೊಂಬಾಯಿಯಿಂದ ರೇಡಿಯೋ ಅಯೋಡಿನ್ ಎಂಬ ಔಷಧಿ ತರಿಸಬೇಕು ಎಂದರು ಡಾಕ್ಟರು.

ಔಷಧಿ ಸೀಸದ ಡಬ್ಬಿಯಲ್ಲಿ ಬಂತು. ಕೈಗೆ ಗವಸು ಹಾಕಿಕೊಂಡ ಒಬ್ಬಾತ ಉದ್ದನೆಯ ಇಕ್ಕಳದಲ್ಲಿ ಸಣ್ಣ ಗಾಜಿನ ಲೋಟ ಎತ್ತಿ ಅವಳ ಮುಂದಿಟ್ಟು, ಬಾಗಿಲ ತನಕ ಹಿಂದೆ ಸರಿದು, "ಕುಡೀರಿ ತಾಯಿ" ಎಂದ. ಬಾಯಿಗೆ ಅದು ಬರೀ ನೀರು. ಕುಡಿಯುವಾಗ ಕರಿಬಸಮ್ಮನಿಗೆ ಹೆದರಿಕೆಯಾಗಲಿಲ್ಲ. ಕುಡಿದು ತಲೆಯೆತ್ತಿದಾಗ ಅವನು ನಿಂತಿದ್ದ ದೂರ ನೋಡಿ ಹೆದರಿಕೆಯಾಯಿತು.

"ಮನೇಲಿ ಮಗು ಇದೆಯಾ?" ಎಂದು ಡಾಕ್ಟರು ಕೇಳಿದರು. ಇತ್ತು. ಪಾಪಮ್ಮನಿಗೆ ಮೂರು ವರ್ಷ, ಮೊಲೆ ಬಿಡಿಸಿ ಬಹಳ ದಿನವಾಗಿತ್ತು. "ಒಂದು ತಿಂಗಳು ತೊಡೆ ಮೇಲೆ ಕೂರಿಸ್ಕೋಬೇಡಿ, ಪಕ್ಕದಲ್ಲಿ ಮಲಗಿಸ್ಕೋಬೇಡಿ. ತಟ್ಟೆ ಲೋಟ ಬೇರೆ ಇರಲಿ."

ಊರಿಗೆ ಮರಳಿದ ಕರಿಬಸಮ್ಮ ಮನೆಯೊಳಕ್ಕೆ ಕಾಲಿಡಲೇ ಇಲ್ಲ. ನೇರವಾಗಿ ತೆಂಗಿನ ತೋಟದ ಗುಡಿಸಲಿಗೆ ಹೋದಳು. ಮೈ ತೊಳೆದ ನೀರು ಹರಿಯಲು ಒಂದು ಗುಂಡಿ ತೋಡಿಕೊಂಡಳು. ಗುಂಡಿಯ ಪಕ್ಕದ ತೆಂಗಿನ ಮರದ ಕಾಯಿ ಯಾರೂ ಮುಟ್ಟಕೂಡದೆಂದು ಬೊಡ್ಡೆಗೆ ಹಳೇ ಬಟ್ಟೆ ಸುತ್ತಿದಳು. ಕರಿಸಿದ್ದಪ್ಪ ಮುದ್ದೆ ತಂದರೆ ದೂರದಲ್ಲೇ ಇಡಿಸುತ್ತಿದ್ದಳು.

"ಮುಟ್ಟಿದ್ರೆ ಬಲ್ಬಿನಂಗೆ ಹತ್ಕಂಡ್ ಉರೀತೀನೇನೇ? ಒಳ್ಳೇದೇ ಆಯ್ತು ಬಿಡು, ಸೀಮೆಎಣ್ಣೆ ಉಳೀತದೆ" ಎಂದು ಅವನು ನಗಿಸಲು ನೋಡಿದ.

"ಜಪಾನ್ ಸುಟ್ಟ ಬಾಂಬಿನೊಳಗೆ ಇದ್ದದ್ದೂ ಇದೇ ಅಂತೆ, ಕಾಶಮ್ಮ ಅಂತಿದ್ಲು" ಎಂದಳು ಅವಳು. ಕರಿಸಿದ್ದಪ್ಪನ ನಗು ಅಲ್ಲಿಗೇ ನಿಂತಿತು.

ಈರಕ್ಕನಿಗೆ ಇದೆಲ್ಲ ಬೇರೆ ರೀತಿ ಅರ್ಥವಾಗಿತ್ತು. ಹೊರಗೆ ಕೂರುವುದು, ಬೇರೆ ತಟ್ಟೆ, ಮುಟ್ಟಬಾರದು: ಇದು ಅವಳಿಗೆ ಗೊತ್ತಿದ್ದ ಸೂತಕವೇ. ಸೂತಕವೆಂದ ಮೇಲೆ ಹನ್ನೊಂದಕ್ಕೆ ಕಳೆಯಲೇಬೇಕು. ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ಒಂದು ಚೆಂಬಿನಲ್ಲಿ ಗಂಜಲ ಹಿಡಿದು, ಸೊಂಟದ ಮೇಲೆ ಮೊಮ್ಮಗಳನ್ನು ಎತ್ತಿಕೊಂಡು ತೋಟಕ್ಕೆ ಬಂದಳು.

"ಲೇ ಬಸಮ್ಮ, ತಲೆ ಮೇಲೆ ಹುಯ್ಕೊಂಡು ಮಗೀನ ಎತ್ಕಳೇ. ಹಗಲೂ ರಾತ್ರಿ ಅಮ್ಮ ಅಮ್ಮ ಅಂತದೆ."

"ಬ್ಯಾಡ ಅತ್ತೆ, ಇಳಿಸ್ಬ್ಯಾಡ, ಇಳಿಸ್ಬ್ಯಾಡ!"

ಈರಕ್ಕ ಆಗಲೇ ಇಳಿಸಿದ್ದಳು. ಮಗು ಎರಡೂ ಕೈ ಮುಂದಕ್ಕೆ ಚಾಚಿ ಓಡಿಬಂತು. ಕರಿಬಸಮ್ಮ ಎದ್ದು ಓಡಿದಳು. ಪಾತಿ ದಾಟಿ, ಬೇಲಿ ಹಾರಿ, ಸೀರೆ ಮುಳ್ಳಿಗೆ ಸಿಕ್ಕಿದರೂ ಬಿಡಿಸದೆ ಹರಿದುಕೊಂಡು ಹೋದಳು. ಹಿಂದೆ ಮಗು ಬಿದ್ದ ಸದ್ದು ಕೇಳಿತು. ತಿರುಗಿ ನೋಡಲಿಲ್ಲ. ಹೆತ್ತವಳೇ ತನ್ನನ್ನು ಕಂಡು ಓಡಿದ್ದನ್ನು ಪಾಪಮ್ಮ ಬಾಯಿ ತೆರೆದು ನೋಡುತ್ತ ಕೂತಿತ್ತು, ಅಳಲೂ ಇಲ್ಲ ಎಂದು ಈರಕ್ಕ ಆಮೇಲೆ ಬೇಲಿಯಾಚೆಯಿಂದ ಕೂಗಿ ಹೇಳಿದಳು. "ಕಲ್ಲು ಕಣೇ ನೀನು" ಎಂದೂ ಸೇರಿಸಿದಳು.

ಕರಿಬಸಮ್ಮ ಕಾಯುತ್ತಿದ್ದ ಲೆಕ್ಕ ಬೇರೆ. ಎಂಟು ದಿನಕ್ಕೆ ಈ ಔಷಧಿಯ ಶಕ್ತಿ ಅರ್ಧವಾಗುತ್ತದೆ ಎಂದು ತೀರ್ಥಪ್ಪ ರೈಲಿನಲ್ಲಿ ಹೇಳಿದ್ದ. ಎಂಟಕ್ಕೆ ಅರ್ಧವಾದರೆ ಇನ್ನೆಂಟಕ್ಕೆ ಪೂರ್ತಿ ಖಾಲಿ, ಅವಳು ಹಾಗೆಂದುಕೊಂಡಿದ್ದಳು. ಹದಿನಾರನೆಯ ದಿನ, ಭಾನುವಾರ, ತಮ್ಮ ನೋಡಲು ಬಂದಾಗ, "ಇವತ್ತಿಗೆ ಎಲ್ಲಾ ಹೋಯ್ತಲ್ಲೇನೋ ತೀರ್ಥ?" ಎಂದು ಕೇಳಿದಳು.

"ಇಲ್ಲಕ್ಕ. ಉಳಿದಿರೋ ಅರ್ಧದಲ್ಲಿ ಅರ್ಧ ಹೋಗಿರ್ತದೆ. ಆಮೇಲೆ ಅದರಲ್ಲಿ ಅರ್ಧ."

"ಕೊನೆಗೆ?"

"ಲೆಕ್ಕದಲ್ಲಿ ಹೇಳೋದಾದ್ರೆ ಸೊನ್ನೆ ಆಗೋದೇ ಇಲ್ಲ" ಎಂದುಬಿಟ್ಟ ಮೇಷ್ಟ್ರು, ತರಗತಿಯಲ್ಲಿ ಹೇಳುವಂತೆ.

ಆ ಮಾತು ಅವಳೊಳಗೆ ಹೊಕ್ಕು ಕೂತಿತು. ಮುಂದೆ ಅವನು ಹೇಳಿದ್ದು ಯಾವುದೂ ಕಿವಿಗೆ ಬೀಳಲಿಲ್ಲ. ಸೂತಕಕ್ಕೂ ಒಂದು ಕೊನೆಯಿದೆ, ಇದಕ್ಕಿಲ್ಲ. ಸಂಜೆ ಮನೆಯ ಕಡೆಯಿಂದ ಮಗುವಿನ ದನಿ ಕೇಳಿದರೆ ಗುಡಿಸಲಿನ ತಟ್ಟಿ ಹಾಕಿಕೊಂಡು, ಕಿವಿಗೆ ಸೆರಗು ತುರುಕಿಕೊಂಡು ಕೂರುತ್ತಿದ್ದಳು.

ತಿಂಗಳು ಕಳೆಯಿತು, ಅವಳು ಮನೆಗೆ ಬರಲಿಲ್ಲ. ಎರಡನೆಯ ತಿಂಗಳ ಕೊನೆಗೆ ತೀರ್ಥಪ್ಪ ಮತ್ತೆ ಬೆಂಗಳೂರಿಗೆ ಕರೆದೊಯ್ದ. ಡಾಕ್ಟರು ಒಂದು ಯಂತ್ರದ ನಳಿಗೆಯನ್ನು ಅವಳ ಕುತ್ತಿಗೆಯ ಮುಂದೆ ಹಿಡಿದರು. ಅದು ಟಿಕ್, ಟಿಕ್ ಎಂದಿತು. "ಚೆನ್ನಾಗಿದೆ, ಮಗೂನ ಎತ್ಕೋಬಹುದು" ಎಂದರು ನಗುತ್ತ. ಕರಿಬಸಮ್ಮನಿಗೆ ಕೇಳಿದ್ದು ಟಿಕ್ ಒಂದೇ. ಒಳಗೆ ಇನ್ನೂ ಇದೆ. ವಾಪಸು ರೈಲಿನಲ್ಲಿ ಎದುರಿನ ಸೀಟಿನಲ್ಲಿ ಕೂಸು ಹಿಡಿದುಕೊಂಡ ಒಬ್ಬಳು ಕೂತದ್ದೇ ತಡ, ಇವಳು ಎದ್ದು ಬಾಗಿಲ ಹತ್ತಿರ ಹೋಗಿ ಶಿವನಿಯ ತನಕ ನಿಂತೇ ಬಂದಳು. ಸ್ಟೇಷನ್ನಿನಲ್ಲಿ ಇಳಿದವಳು ಮತ್ತೆ ತೋಟದ ದಾರಿಯನ್ನೇ ಹಿಡಿದಳು.

ತೀರ್ಥಪ್ಪ ಹಿಂದೆಯೇ ಬಂದ. ಗುಡಿಸಲ ಮುಂದೆ ಕೂತು, "ಬಾಯಾರಿದೆ, ಎಳನೀರು ಕೆಡವ್ಲಾ?" ಎಂದು ಕೇಳಿ ಬಟ್ಟೆ ಸುತ್ತಿದ ಮರದ ಕಡೆ ನೋಡಿದ.

"ಅದರ ತಂಟೆಗೆ ಹೋಗ್ಬ್ಯಾಡ! ನನ್ನ ನೀರು ಕುಡಿದಿರೋ ಮರ."

ಅವನು ಎದ್ದು ನಿಂತವನು ಮತ್ತೆ ಕೂತ. ಹೇಳತೊಡಗಿದ. "ಅಕ್ಕ, ಯಾವ ವಸ್ತುವಾದ್ರೂ ಪರಮಾಣುವಿನಿಂದಲೇ ಆಗಿರೋದು. ನಡುವೆ ಒಂದು ಬೀಜ, ಅದ್ರೊಳಗೆ ಪ್ರೋಟಾನು, ನ್ಯೂಟ್ರಾನು. ಹೊರಗಡೆ ಎಲೆಕ್ಟ್ರಾನು. ಒಂದು ಪರಮಾಣು ಇನ್ನೊಂದನ್ನ ಗುರುತಿಸೋದು ಹೊರಗಿನ ಎಲೆಕ್ಟ್ರಾನಿಂದಲೇ. ಒಳಗಡೆ ಏನಿದೆ ಅನ್ನೋದು ಅದಕ್ಕೆ ತಿಳಿಯಲ್ಲ."

ಕರಿಬಸಮ್ಮ ನೆಲ ಕೆರೆಯುತ್ತಿದ್ದ ಕಡ್ಡಿ ನಿಲ್ಲಿಸಿದಳು. "ಕುರಿಗೆ ಚರ್ಮ ಮಾತ್ರ ಮೂಗಿಗೆ ಸಿಕ್ಕಂಗೆ."

"ಹಂಗೇ! ಅಯೋಡಿನ್ನು ಹೊರಗಿಂದ ಒಂದು ಎಲೆಕ್ಟ್ರಾನು ಇಸ್ಕಂಡ್ರೆ ಅಯಾನು ಆಗ್ತದೆ. ಬರೀ ಅಯೋಡಿನ್ನು ಗಾಯಕ್ಕೆ ಹಚ್ಚಿದ್ರೆ ಉರಿ. ಅಯಾನಾದ್ರೆ ಉಪ್ಪಿನಂಗೆ ನೀರಲ್ಲಿ ಕರಗಿ ಸುಮ್ನಿರ್ತದೆ. ನೀನು ಕುಡಿದದ್ದು ಅದು. ಅದರಲ್ಲೂ ಎರಡು ಥರ. ಪ್ರೋಟಾನು ಎರಡಕ್ಕೂ ಅಷ್ಟೇ, ಅದಕ್ಕೇ ಎರಡೂ ಅಯೋಡಿನ್ನೇ. ಒಂದಕ್ಕೆ ನ್ಯೂಟ್ರಾನು ನಾಲ್ಕು ಜಾಸ್ತಿ. ಐಸೊಟೋಪು ಅಂತೀವಿ. ಆ ಜಾಸ್ತಿಯದಕ್ಕೆ ನೆಮ್ಮದಿ ಇಲ್ಲ, ಯಾವಾಗಲೋ ಸಿಡೀತದೆ. ನಿನ್ನ ಗ್ರಂಥಿ ಅದನ್ನ ಮೂಸಿ, ನನ್ನದೇ ಮರಿ ಅಂತ ಒಳಕ್ಕೆ ಬಿಟ್ಕಂಡಿತು. ಅದು ಅಲ್ಲೇ ಸಿಡಿದು ಗಡ್ಡೆ ಕರಗಿಸ್ತು."

ಕರಿಬಸಮ್ಮ ಕುತ್ತಿಗೆ ಹಿಡಿದುಕೊಂಡಳು. ಎಷ್ಟು ಕುರಿಗಳಿಗೆ ತಾನು ಹೀಗೆ ಮಾಡಿದ್ದೆ! ಚರ್ಮದೊಳಗೆ ತೋಳದ ಮರಿಯನ್ನೇ ಇಟ್ಟಿದ್ದರೂ ಅವು ಹಾಲು ಕೊಡುತ್ತಿದ್ದವು.

"ಸಿಡಿದ ಮೇಲೆ?"

"ಅದು ಅಯೋಡಿನ್ನೇ ಅಲ್ಲ. ಬೇರೆ ಏನೋ ಗಾಳಿ. ಮತ್ತೆ ಸಿಡಿಯಲ್ಲ."

"ಟಿಕ್ ಅಂದದ್ದು ನಾನೇ ಕೇಳಿದೀನಿ. ಸುಳ್ಳು ಹೇಳ್ಬ್ಯಾಡ."

"ಡಾಕ್ಟರು ನಳಿಗೆಯನ್ನ ಗೋಡೆ ಕಡೆ ತಿರುಗಿಸಿದ್ರಲ್ಲ, ಆಗ್ಲೂ ಟಿಕ್ ಅಂತಿತ್ತು. ಕೇಳಿಸ್ಕಂಡ್ಯಾ?"

ಅವಳು ಕೇಳಿಸಿಕೊಂಡಿರಲಿಲ್ಲ. ಆಗ ಅವಳ ಕಿವಿಯೆಲ್ಲ ತನ್ನ ಕುತ್ತಿಗೆಯ ಮೇಲೇ ಇತ್ತು.

"ಸಿಡಿಯೋದು ಎಲ್ಲೆಲ್ಲೂ ಚೂರು ಇರ್ತದೆ ಅಕ್ಕ. ಎಳನೀರಲ್ಲಿ ಪೊಟಾಸಿಯಂ ಅಂತ ಅಯಾನು ಇರ್ತದೆ. ಹತ್ತು ಸಾವಿರಕ್ಕೆ ಒಂದರಂಗೆ ಅದರಲ್ಲೂ ಸಿಡಿಯೋದು ಇದೆ. ಹುಟ್ಟಿದಾಗಿಂದ ಕುಡೀತಿದೀವಿ. ನನ್ನೊಳಗೂ ಐತೆ, ಪಾಪಮ್ಮನೊಳಗೂ ಐತೆ. ಸೂತಕ ಆದ್ರೆ ಇದೆ, ಇಲ್ಲ, ಎರಡೇ ಮಾತು. ಇದರಲ್ಲಿ ಎಷ್ಟಿದೆ ಅಂತ ಕೇಳ್ಬೇಕು. ನಿನ್ನಲ್ಲಿ ಉಳಿದಿರೋದು ಮಗೀಗೆ ಏನೂ ಮಾಡಲ್ಲ." ಹೀಗೆಂದವನು ಎದ್ದು ಹೋಗಿ, ಬೊಡ್ಡೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ದೋಟಿಯಿಂದ ಒಂದು ಕಾಯಿ ಕೆಡವಿ, ಕೆತ್ತಿ ಕುಡಿದ. ಅವಳು ಅವನ ಗಂಟಲನ್ನೇ ನೋಡುತ್ತಿದ್ದಳು.

ಹೆದರಿಕೆ ಅಲ್ಲಿಗೇ ಬಿಟ್ಟುಹೋಯಿತೆಂದಲ್ಲ. ಕಾಲು ಮಾತ್ರ ಮನೆಯ ಕಡೆ ಎದ್ದವು.

ಹಟ್ಟಿಯಂಗಳದಲ್ಲಿ ಪಾಪಮ್ಮ ಅಜ್ಜಿಯ ಪಕ್ಕ ಹುಣಸೆಬೀಜ ಆಡುತ್ತ ಕೂತಿತ್ತು. ತಾಯಿಯನ್ನು ಕಂಡದ್ದೇ ಕಿರುಚಿ ಈರಕ್ಕನ ಸೆರಗಿನೊಳಗೆ ಸೇರಿಕೊಂಡಿತು. ಕರಿಬಸಮ್ಮನ ಮುಖ ತುಂಬಿಕೊಂಡಿತ್ತು, ಕುತ್ತಿಗೆ ಇಳಿದಿತ್ತು, ಕೈ ನಡುಗುತ್ತಿರಲಿಲ್ಲ. ಮಗು ನೆನಪಿಟ್ಟುಕೊಂಡದ್ದು ಬೇಲಿ ಹಾರಿ ಓಡಿದವಳನ್ನು.

"ನಿಮ್ಮಮ್ಮ ಕಣೇ" ಎಂದಳು ಈರಕ್ಕ.

"ಅಲ್ಲ" ಎಂದಿತು ಮಗು, ಸೆರಗಿನೊಳಗಿಂದಲೇ.

ಇಷ್ಟು ದಿನ ಅವಳು ಹೆದರಿದ್ದು ಮಗುವನ್ನು ಮುಟ್ಟಲು. ಈಗ ಮಗುವೇ ತನ್ನನ್ನು ಒಲ್ಲೆನ್ನುವುದು ಅದಕ್ಕಿಂತ ದೊಡ್ಡ ದಿಗಿಲಾಯಿತು. "ಅತ್ತೆ, ಮಗು ಯಾವುದನ್ನ ಹೊದ್ಕಂಡ್ ಮಲಗ್ತಾ ಇತ್ತು?" ಎಂದು ಕೇಳಿದಳು.

"ನಿಂದೇ ಹಳೇ ಕಂಬಳಿ. ಒಗೆಯಾಕೂ ಬಿಡಲ್ಲ."

ಕರಿಬಸಮ್ಮ ಒಳಗೆ ಹೋಗಿ ಆ ಕಂಬಳಿಯನ್ನು ತಂದಳು. ಕುರಿಯ ಜಿಡ್ಡು, ಹೊಗೆ, ಮಗುವಿನ ಉಚ್ಚೆ, ಎಲ್ಲದರ ವಾಸನೆಯೂ ಅದಕ್ಕಿತ್ತು. ತಲೆಯಿಂದ ಮಂಡಿಯ ತನಕ ಹೊದ್ದು, ಜಗುಲಿಯ ಕಂಬಕ್ಕೆ ಒರಗಿ, ಯಾರ ಕಡೆಯೂ ನೋಡದೆ ಕೂತಳು. ಕುರಿಗಳು ಮೇವಿನಿಂದ ತಿರುಗಿ ಬಂದವು, ಕರಿಸಿದ್ದಪ್ಪ ಕುರಿದೊಡ್ಡಿಯ ತಡಿಕೆ ಎಳೆದು ನಿಂತ. ಈರಕ್ಕ ಒಲೆ ಹಚ್ಚಲು ಎದ್ದು ಒಳಗೆ ಹೋದಳು.

ಅಂಗಳದಲ್ಲಿ ಒಂಟಿಯಾದ ಮಗು ಹುಣಸೆಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು ಹತ್ತಿರ ಬಂತು. ಕಂಬಳಿಯ ಅಂಚನ್ನು ಮೂಗಿಗೆ ಒತ್ತಿಕೊಂಡಿತು. ಬಿಟ್ಟಿತು, ಮತ್ತೆ ಒತ್ತಿಕೊಂಡಿತು. ಆಮೇಲೆ ಒಳಕ್ಕೆ ನುಸುಳಿತು.

ಕರಿಬಸಮ್ಮ ಮುಖ ಆಚೆ ತಿರುಗಿಸಿ, ಕುತ್ತಿಗೆ ಮಗುವಿನಿಂದ ಆದಷ್ಟು ದೂರವಿರುವಂತೆ ಹಿಡಿದು ಕೂತಿದ್ದಳು. ಪುಟ್ಟ ಕೈ ಎದೆಯ ಮೇಲೆ ತಡಕುತ್ತ ಹತ್ತಿ ನೇರ ಕುತ್ತಿಗೆಗೇ ಹೋಯಿತು, ಮೊದಲು ಗಡ್ಡೆಯಿದ್ದ ಕಡೆಗೆ. ಆ ಕೈಯನ್ನು ಕಿತ್ತುಹಾಕಲು ತನ್ನ ಕೈ ಎತ್ತಿದಳು. ಎತ್ತಿದ ಕೈ ಅರ್ಧದಲ್ಲೇ ನಿಂತಿತು. ನಿಧಾನವಾಗಿ ಕೆಳಗಿಳಿಸಿ ಮಗುವಿನ ಬೆನ್ನ ಮೇಲೆ ಇಟ್ಟಳು.