ಮೌನ ತಾಳಿದ ವಂಶವಾಹಿ

ಹೊಸ ಶತಮಾನ ಆಗಷ್ಟೇ ಕಣ್ಣುಬಿಟ್ಟಿತ್ತು. ಖಾನಾಪುರದ ನನ್ನಣ್ಣ ಮಲದಲ್ಲಿ ಹೋಗುವ ರಕ್ತವನ್ನು ಮೂಲವ್ಯಾಧಿಯೆಂದು ತಾನೇ ತೀರ್ಮಾನಿಸಿ, ಮೂಲಂಗಿ ತಿಂದುಕೊಂಡು ಒಂದು ವರ್ಷ ಕಳೆದಿದ್ದ. ಕೊನೆಗೆ ಅವನ ಹೆಂಡತಿ, ನಮ್ಮ ವೈನಿಯೇ ಅವನನ್ನು ರೈಲು ಹತ್ತಿಸಿ ಬೆಳಗಾವಿಗೆ ತಂದರು. ಉಪ್ಪುನೀರು ಕುಡಿಸಿ ಹೊಟ್ಟೆ ತೊಳೆಸಿ, ದೊಡ್ಡಕರುಳಿಗೆ ಕ್ಯಾಮೆರಾ ಇಳಿಸಿದ ಡಾಕ್ಟರು ಅಲ್ಲೊಂದು ಗಂಟು ಕಂಡು, ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಅದು ಕ್ಯಾನ್ಸರೋ ಅಲ್ಲವೋ ಎಂಬುದು ವಾರದ ಮೇಲೆ ತಿಳಿಯಬೇಕಿತ್ತು.

"ಇದು ಹೆಂಗ ಬಂತ್ರಿ?" ಎಂದ ಅಣ್ಣ.

ಡಾಕ್ಟರು ಪರರಾಜ್ಯದವರು, ಇಂಗ್ಲಿಷಿನಲ್ಲಿ ವಿವರಿಸಿದರು. ಕನ್ನಡ ಮಾಸ್ತರನಾದ ನಾನು ಸಂದರ್ಭಕ್ಕೆ ತಕ್ಕ ಗಾಂಭೀರ್ಯದಿಂದ ಎದ್ದು ನಿಂತು ಅನುವಾದಿಸಿದೆ: "ಬೆಳವಣಿಗೆಯನ್ನು ತಡೆಯಬೇಕಾದ ವಂಶವಾಹಿಯು ಮೌನ ತಾಳಿದೆ."

ಅಣ್ಣ ಬಿಳಿಚಿಕೊಂಡ. "ನಮ್ಮ ವಂಶಾನ ಬಂದ್ ಆತು ಅಂತೀಯೇನಲೇ? ಹುಡುಗೂರಿಗೂ ಬರತೈತೇನು?"

ಡಾಕ್ಟರು ಕಾಗದದ ಮೇಲೆ ಒಂದು ಸಾಲು ಅಕ್ಷರ ಬರೆದು, ಮೇಲೆ ಚುಕ್ಕಿಗಳನ್ನಿಟ್ಟರು. ಅಕ್ಷರ ಕೆಟ್ಟಿಲ್ಲ; ಇಂಥ ಚುಕ್ಕಿಗಳು ಕೂತರೆ ಜೀವಕೋಶ ಆ ಸಾಲನ್ನು ಓದುವುದಿಲ್ಲ, ಅಷ್ಟೇ. ಇವು ವಯಸ್ಸಾದಂತೆ ಕೂಡಿಕೊಳ್ಳುವಂಥವು, ಹೆಚ್ಚಾಗಿ ಅಪ್ಪನಿಂದ ಮಕ್ಕಳಿಗೆ ಬರುವಂಥವಲ್ಲ. ಆದರೂ ಮಕ್ಕಳು ವಯಸ್ಸಿಗೆ ಬಂದಾಗ ತೋರಿಸಿಕೊಳ್ಳಲಿ ಎಂದರು.

ಈ ಸಲ ನಾನು ಬಾಯಿ ತೆರೆಯುವ ಮೊದಲೇ, ಕಾಗದದ ಚುಕ್ಕಿಗಳನ್ನೇ ನೋಡುತ್ತಿದ್ದ ವೈನಿ ಕೈಯೆತ್ತಿ ತಡೆದರು. "ತಿಳೀತು ಬಿಡ್ರಿ ಮಾಸ್ತರ. ಮನ್ಯಾಗ 'ಸಾಕು' ಅನ್ನೂ ಹಿರ್ಯಾರು ಅದಾರ, ಖರೇ ಯಾರೋ ಬಾಯಿ ಮುಚ್ಚಿಸ್ಯಾರ. ಉಳದಾವರು ಬೇಕಾದಂಗ ಬೆಳದಾರ. ದವಾಖಾನಿಗಿ ನಡೀರಿ ಅಂದಾಗೆಲ್ಲ ಇವರು ನನ್ನ ಬಾಯಿ ಮುಚ್ಚಸ್ತಿದ್ದಿಲ್ಲೇನು, ಹಂಗ!"

ಅದನ್ನು ಇಂಗ್ಲಿಷಿಗೆ ತಂದು ಹೇಳಿದೆ. ಡಾಕ್ಟರು ವೈನಿಗೆ ಕೈಮುಗಿದರು.

ಆ ವಾರ ಅಣ್ಣ ವೈನಿಯೊಡನೆ ಬೆಳಗಾವಿಯಲ್ಲೇ, ಶಿವಬಸವ ನಗರದ ನಮ್ಮ ಮನೆಯಲ್ಲಿ ಉಳಿದ. ಪ್ರತಿ ಊಟದಲ್ಲೂ ಇದೇ ತನ್ನ ಕೊನೆಯ ರೊಟ್ಟಿಯೆಂಬಂತೆ ನಿಟ್ಟುಸಿರಿಟ್ಟು, ಮತ್ತೆರಡು ಹಾಕಿಸಿಕೊಳ್ಳುತ್ತಿದ್ದ. ವೈನಿ ನಗುತ್ತಲೇ ಬಡಿಸುತ್ತಿದ್ದರು. ಒಲೆಯ ಮುಂದೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ, ಆಗುವ ಮೊದಲೇ ಸಿಕ್ಕಿದ ಗಂಟು, ಪೂರ್ತಿ ತೆಗೆದಾಗಿದೆ. ವರ್ಷ ಬಿಟ್ಟು ಮತ್ತೊಮ್ಮೆ ಕ್ಯಾಮೆರಾ ಇಳಿಸಬೇಕು, ಅಷ್ಟೇ. ವೈನಿ ಅಲ್ಲೇ ಎಲ್ಲರೆದುರು ಅತ್ತರು, ಅಳುತ್ತಲೇ ಅಣ್ಣನನ್ನು ಬೈದರು.

ಅಣ್ಣನಿಗೆ ರೆಕ್ಕೆ ಬಂತು. "ತಪ್ಪದ ಬರತೀನ್ರಿ! ಹತ್ತ ಕ್ಯಾಮೆರಾ ಇಳಸ್ರಿ!" ಎಂದವನು ತಟ್ಟನೆ ದನಿ ತಗ್ಗಿಸಿದ. "ಖರೇ, ಹೊಟ್ಟಿ ತೊಳಿಯೂ ಆ ಉಪ್ಪುನೀರ ಮತ್ತ ಕುಡೀಬೇಕೇನ್ರಿ?"

ಎಲ್ಲ ರೋಗಿಗಳಿಂದಲೂ ಈ ಪ್ರಶ್ನೆ ಕೇಳಿದ್ದ ಡಾಕ್ಟರಿಗೆ ಅನುವಾದ ಬೇಕಾಗಲಿಲ್ಲ. ಹೌದೆಂದು ತಲೆಯಾಡಿಸಿದರು. ಬದುಕುವ ಭರವಸೆ ಸಿಕ್ಕ ಮನುಷ್ಯನೊಬ್ಬ ಅಷ್ಟು ದುಃಖಪಟ್ಟದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.