ಗೆಬ್‌ಹಾರ್ಡ್ ಉಜ್ಜಿದ ಅಂಚು

ಗೆಬ್‌ಹಾರ್ಡ್ ಫೆಲ್ಡರ್ ಟೀವಿಯಲ್ಲಿ ಕಾಣಿಸಿಕೊಂಡದ್ದು ಜೀವಮಾನದಲ್ಲಿ ಒಂದೇ ಸಲ. ಆ ಎರಡು ನಿಮಿಷ ಇಲ್ಲದೇ ಹೋಗಿದ್ದರೆ ಅವನೂ ನಮ್ಮೂರಿನ ಮಿಕ್ಕ ಮುದುಕರ ಹಾಗೆ ನೆಮ್ಮದಿಯಾಗಿ ಇಸ್ಪೀಟು ಆಡಿಕೊಂಡಿರುತ್ತಿದ್ದ.

ಅವನ ಕಸುಬು ಹಿಮದ ಇಳಿಜಾರಿನಲ್ಲಿ ಜಾರುವ ಓಟಗಾರರ ಕಾಲಿನ ಹಲಗೆ, ಅಂದರೆ ಸ್ಕೀ, ಸಜ್ಜು ಮಾಡುವುದು. ಗೆದ್ದವರ ಹೆಸರನ್ನು ಊರ ಬಾಗಿಲಲ್ಲೇ ಬರೆಸುತ್ತೇವೆ. ಅವರ ಸ್ಕೀಗೆ ಮೇಣ ಬಳಿದು ಉಕ್ಕಿನ ಅಂಚಿಗೆ ಅರ ಹಾಕುವವನನ್ನು ಯಾರು ಕೇಳುತ್ತಾರೆ? ಗೆಬ್‌ಹಾರ್ಡ್‌ಗೆ ಅದರ ಬೇಸರವಿರಲಿಲ್ಲ. ಅಂಚಿನ ಮೇಲೆ ಉಗುರು ಎಳೆದಾಗ ಉಗುರೇ ಸವೆದು ಬಿಳಿ ಪುಡಿ ಉದುರಿದರೆ ಅಂಚು ಹರಿತವಾಗಿದೆ ಎಂದರ್ಥ, ಅವನಿಗೆ ಅದೇ ಹಬ್ಬ. ಆಮೇಲೆ ಸ್ಕೀಯ ಮೂತಿಯ ಕಡೆ ಒಂದು ಗೇಣು ಮಾತ್ರ ಕಲ್ಲಿನಿಂದ ಉಜ್ಜಿ ಮೊಂಡು ಮಾಡಲೇಬೇಕು. ಮರೆತರೆ ತಿರುವಿನಲ್ಲಿ ಮೂತಿ ಹಿಮಕ್ಕೆ ಕಚ್ಚಿಕೊಂಡು ಆಳನ್ನೇ ಎತ್ತಿ ಒಗೆಯುತ್ತದೆ.

ನಮ್ಮೂರ ವಾಲ್ಬುರ್ಗಾಳ ಸ್ಕೀ ಅವನ ಕೈಯಲ್ಲಿತ್ತು. ಎಲ್ಲರೂ ಅವಳನ್ನು ಬುರ್ಗಿ ಎನ್ನುತ್ತಿದ್ದರು. ಇಪ್ಪತ್ತಮೂರು ವರ್ಷ, ಎದುರಿಗೆ ನಿಲ್ಲುವವರೇ ಇಲ್ಲ. ಆ ಚಳಿಗಾಲದ ದೊಡ್ಡ ಓಟ ನಮ್ಮ ಕಣಿವೆಯಲ್ಲೇ ಇತ್ತು. ರಾತ್ರಿ ಮಳೆ ಬಿದ್ದು ಬೆಳಗ್ಗೆ ಇಳಿಜಾರೆಲ್ಲ ಹೆಪ್ಪುಗಟ್ಟಿ ಗಾಜಾಗಿತ್ತು. ಗೆಬ್‌ಹಾರ್ಡ್ ಮತ್ತೆ ಅರ ಹಿಡಿದು ಅಂಚನ್ನು ಉದ್ದಕ್ಕೂ ಹರಿತ ಮಾಡಿದ. ಇನ್ನೇನು ಕಲ್ಲು ಎತ್ತಿಕೊಳ್ಳಬೇಕು, ಟೀವಿಯವರು ಕರೆದರು.

"ಬುರ್ಗಿ ಗೆಲುವಿನ ಹಿಂದಿರೋ ಕೈ ನಿಮ್ಮದೇ ಅಂತಲ್ಲ?"

ಪಾಪ, ಅಷ್ಟು ವರ್ಷದಲ್ಲಿ ಮೊದಲ ಸಲ ಯಾರೋ ಕೇಳಿದ್ದರು. ಟೋಪಿ ಸರಿಮಾಡಿಕೊಂಡು ಹೋಗಿ ನಿಂತ. ಮಾತು ಮುಗಿಸಿ ಬರುವಷ್ಟರಲ್ಲಿ ಅವಳ ಸರದಿ ಬಂದಿತ್ತು. ಸ್ಕೀ ಒರೆಸಿ ಕೊಟ್ಟುಬಿಟ್ಟ.

ನಾಲ್ಕನೇ ತಿರುವಿನಲ್ಲಿ ಅವಳು ಬಿದ್ದಳು. ಮಂಡಿ ಚೂರಾಯಿತು. ಅತ್ತ ಅವಳನ್ನು ಆಸ್ಪತ್ರೆಗೆ ಒಯ್ದರು, ಇತ್ತ ಗೆಬ್‌ಹಾರ್ಡ್ ಶೆಡ್ಡಿನ ಚಿಲಕ ಹಾಕಿ, ವಾಪಸು ಬಂದ ಸ್ಕೀಯ ಮೂತಿಗೆ ಉಗುರು ಎಳೆದ. ಬಿಳಿ ಪುಡಿ ಉದುರಿತು. ಯಾರೂ ನೋಡುವ ಮೊದಲೇ ಆ ಒಂದು ಗೇಣನ್ನು ಉಜ್ಜಿ ಮೊಂಡು ಮಾಡಿದ. ಮೇಲೆ ದಪ್ಪಗೆ ಮೇಣ ಬಳಿದಿಟ್ಟ.

ಬಿದ್ದವರಿಗೆ ಆಳಿಗೊಂದು ಕಲ್ಲು. ಹೆದರಿ ಹಿಂದಕ್ಕೆ ವಾಲಿದಳಂತೆ, ಗುಂಡಿಗೆ ಸಾಲಲಿಲ್ಲವಂತೆ ಎಂದರು ಬಲ್ಲವರು. ಬುರ್ಗಿ ಮತ್ತೆ ಓಡಲಿಲ್ಲ. ಕಾಲೆಳೆದುಕೊಂಡು ಚಿಕ್ಕಮ್ಮನ ಹೋಟೆಲಿನಲ್ಲಿ ಬಡಿಸಲು ನಿಂತಳು. ಬಂದವರು ನೋಡಲೆಂದು ಆ ಸ್ಕೀಯನ್ನು ಚಿಕ್ಕಮ್ಮ ಗೋಡೆಗೆ ತೂಗುಹಾಕಿದಳು.

ಹತ್ತೊಂಬತ್ತು ವರ್ಷ ಗೆಬ್‌ಹಾರ್ಡ್ ಆ ಗೋಡೆಗೆ ಬೆನ್ನು ಹಾಕಿಯೇ ಊಟ ಮಾಡಿದ. ಒಂದು ಮಧ್ಯಾಹ್ನ ಅವಳು ಸೂಪು ತರುವಾಗ ಕಟುಕ ಒಟ್ಮಾರ್ ಕೂಗಿದ: "ತಿರುವು ಬಂತು, ಹುಷಾರು ಕಣೇ ಬುರ್ಗಿ! ಹೆದರ್ಕೊಂಡು ನನ್ ಮೇಲೆ ಚೆಲ್ಲೀಯ."

ಎಲ್ಲರೂ ನಕ್ಕರು. ಬುರ್ಗಿಯೂ ನಕ್ಕಳು. ಅವಳ ಆ ನಗು ಗೆಬ್‌ಹಾರ್ಡ್‌ಗೆ ಸಹಿಸಲಾಗಲಿಲ್ಲ. ಎಲ್ಲರೂ ಎದ್ದು ಹೋಗುವವರೆಗೆ ಕಾದು, ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ಟೀವಿ, ಕಲ್ಲು, ಶೆಡ್ಡು, ಯಾವುದನ್ನೂ ಬಿಡಲಿಲ್ಲ.

ಬುರ್ಗಿ ಗೋಡೆಯಿಂದ ಸ್ಕೀ ಇಳಿಸಿ, ಮೇಣ ಕೆರೆದು, ನಡು ಅಂಚಿಗೆ ಉಗುರು ಎಳೆದಳು. ಪುಡಿ ಉದುರಿತು. ಮೂತಿಗೆ ಎಳೆದಳು. ಏನೂ ಉದುರಲಿಲ್ಲ.

"ನೋಡು ಮಾಮ, ಮೊಂಡಾಗೇ ಇದೆ. ನೀನು ಕೆಲಸ ಸರಿಯಾಗೇ ಮಾಡಿದ್ದೆ."

"ಅದನ್ನ ಆಮೇಲೆ ಉಜ್ಜಿದ್ದು ಕಣೇ. ನಾನೇ ಉಜ್ಜಿದ್ದು."

"ನೀನು ಒಳ್ಳೆಯವನು. ನನ್ ತಪ್ಪನ್ನ ನಿನ್ ತಲೆ ಮೇಲೆ ಹಾಕ್ಕೊಳ್ತಿದ್ದೀಯ."

"ನೀನು ಹೆದರಿರಲಿಲ್ಲ ಬುರ್ಗಿ. ದೇವರಾಣೆ."

"ಮೊದಮೊದಲು ನಂಗೂ ಹಾಗೇ ಅನ್ನಿಸ್ತಿತ್ತು. ಏನೋ ಹಿಡ್ಕೊಂಡು ಎಳೆದ ಹಾಗಾಯ್ತು ಅಂತ ಎಲ್ಲರ ಹತ್ರಾನೂ ಹೇಳ್ದೆ, ಯಾರೂ ನಂಬಲಿಲ್ಲ. ಈಗ ಆ ಭಯ ನಂಗೇ ಚೆನ್ನಾಗಿ ನೆನಪಿದೆ."

ಇದ್ದೊಂದು ಸಾಕ್ಷಿಯನ್ನು ತನ್ನ ಕೈಯಾರೆ ಉಜ್ಜಿ ಹಾಕಿದವನು ಇನ್ನೇನು ತೋರಿಸಿಯಾನು?

"ನಿನ್ ಸೂಪು ಆರಿಹೋಗಿದೆ, ಕುಡಿ," ಎಂದು ಅವಳು ಸ್ಕೀಯನ್ನು ಮತ್ತೆ ಗೋಡೆಗೆ ಹಾಕಿ, ಖಾಲಿ ತಟ್ಟೆಗಳನ್ನು ಎತ್ತಿಕೊಂಡಳು. ಅಡುಗೆಮನೆಯ ತಿರುವಿನಲ್ಲಿ ಒಂದು ಕ್ಷಣ ನಿಂತು, ಗೋಡೆ ಹಿಡಿದುಕೊಂಡು ಹುಷಾರಾಗಿ ದಾಟಿದಳು.