ಹನ್ನೆರಡು ಚಕ್ರ

ಹಳೆಯ ಗಾಲಿಕುರ್ಚಿಗಳನ್ನು ರಿಪೇರಿ ಮಾಡಿ, ನಡೆಯಲಾರದವರಿಗೆ ಪುಕ್ಕಟೆ ಕೊಡುವ ಸಣ್ಣ ಸಂಘಕ್ಕೆ ಸೈಕಲ್ ರಿಪೇರಿಯವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಅಧ್ಯಕ್ಷನಾದವನು ಏನು ಮಾಡಬೇಕೆಂದೇ ಅವನಿಗೆ ತಿಳಿಯಲಿಲ್ಲ. ನೆರವು ಕೇಳಲು ಬಿಡಿಭಾಗಗಳ ಅಂಗಡಿಗೆ ಹೋಗಿ, ಸೇವೆ, ಸಮಾಜ ಎಂದು ಏನೇನೋ ತೊದಲಿದ.

“ಅದೆಲ್ಲ ಸರಿ, ನಿಮಗೇನು ಬೇಕು?” ಎಂದರು ಅಂಗಡಿಯವರು.

“ಏನಾದ್ರೂ ಕೊಡಿ ಸಾರ್.”

“ಏನಾದ್ರೂ ಅಂದ್ರೆ ನಾನೇನ್ ಕೊಡ್ಲಿ?”

ಬರಿಗೈಲಿ ಮನೆಗೆ ಬಂದು ಪೆಚ್ಚುಮೋರೆ ಹಾಕಿಕೊಂಡು ಕೂತ.

“ಅಲ್ಲಾ ರೀ, ಈಗ ಯಾವುದಿಲ್ದೆ ಕೆಲಸ ನಿಂತಿದೆ?” ಹೆಂಡತಿ ಕೇಳಿದಳು.

“ಆರು ಕುರ್ಚಿಗೆ ಹನ್ನೆರಡು ದೊಡ್ಡ ಚಕ್ರ ಬೇಕು.”

“ಅದನ್ನೇ ಹೇಳೋಕೇನು ಧಾಡಿ?”

ಮರುದಿನ ಅಷ್ಟನ್ನೇ ಹೇಳಿದ. ಅಂಗಡಿಯವರು ಚಕ್ರಗಳನ್ನು ಕೊಟ್ಟಿದ್ದಲ್ಲದೆ, ತಾವೇ ಸಂಘಕ್ಕೆ ಬಂದು ಸಂಜೆಯ ತನಕ ನಟ್ಟು ಬಿಗಿದರು.

“ನಾನು ಕರೆದೇ ಇಲ್ಲ ಕಣೇ,” ಎಂದ ಅಧ್ಯಕ್ಷ, ಹೆಂಡತಿಯ ಮುಂದೆ ತಲೆ ಕೆರೆದುಕೊಳ್ಳುತ್ತ. “ಯಾಕೆ ಬಂದ್ರೋ!”